ಗೋಡೆಗೆ ತಾಗದ ಹಲಗೆ

ಹೋದ ತಿಂಗಳು ಕಾತ್ರಜದ ನಮ್ಮ ಫ್ಲ್ಯಾಟಿನ ಒಳಕೋಣೆಗೆ ನಾನೇ ಬಿದಿರಿನ ನೆಲ ಹಾಸಿದೆ. ಅರವತ್ತೆರಡು ವರ್ಷದ ಹೆಂಗಸು ಮೊಣಕಾಲಿಗೆ ಹಳೆಯ ದಿಂಬು ಕಟ್ಟಿಕೊಂಡು, ಮರದ ಸುತ್ತಿಗೆ ಹಿಡಿದು ಅಂಬೆಗಾಲಿಡುವುದು ನೋಡುವಂಥ ದೃಶ್ಯವೇನಲ್ಲ. ಹಲಗೆಯ ಡಬ್ಬಿಗಳನ್ನು ಇಳಿಸಲು ಬಂದ ಅಂಗಡಿಯವನು, "ಕಾಕೂ, ಮಾಣೂಸ ಪಾಠವತೋ ನಾ" ಎಂದ, ಆಳು ಕಳಿಸುತ್ತೇನೆ, ನಿಮಗೇಕೆ ಈ ಉಸಾಬರಿ ಎನ್ನುವ ಧಾಟಿಯಲ್ಲಿ. ಬೇಡವೆಂದೆ. ಹಲಗೆಗಳನ್ನು ಎರಡು ದಿನ ಅದೇ ಕೋಣೆಯಲ್ಲಿ ಮಲಗಿಸಿ ಅಲ್ಲಿಯ ಹವೆಗೆ ಒಗ್ಗಿಸಿದೆ. ಆಮೇಲೆ ಟೈಲ್ಸಿನ ಮೇಲೆ ತೆಳು ಫೋಮ್ ಹಾಳೆ ಬಿಡಿಸಿ, ಒಂದರ ಅಂಚಿಗೆ ಇನ್ನೊಂದನ್ನು ಸಿಕ್ಕಿಸಿ, ತಟ್ಟಿ ಕೂಡಿಸುತ್ತ ಬಂದೆ. ನಾಲ್ಕೂ ಗೋಡೆಗಳ ಬದಿಗೆ ಒಂದು ಬೆರಳು ಜಾಗ ಬಿಡಿ ಎಂದು ಡಬ್ಬಿಯೊಳಗಿನ ಕಾಗದದಲ್ಲಿ ಅಚ್ಚು ಹಾಕಿದ್ದರು. ನನಗೆ ಅದನ್ನು ಕಾಗದದಲ್ಲಿ ಬರೆದು ಹೇಳಬೇಕಾಗಿರಲಿಲ್ಲ. ಹನ್ನೊಂದನೆಯ ವಯಸ್ಸಿಗೇ ಕಲಿತ ಪಾಠ ಅದು. ಎಂಬತ್ನಾಲ್ಕರ ಅವ್ವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನನ್ನ ಕೆಲಸಕ್ಕೆ ಕಣ್ಣಿಟ್ಟಿದ್ದಳು.

"ಆ ಮೂಲ್ಯಾಗ ಟೊಳ್ಳ ಸಪ್ಪಳ ಬರ್ತದ ನೋಡು. ನಿಮ್ಮಪ್ಪ ಆಗಿದ್ರ ತಗದು ಮತ್ತ ಹಾಕತಿದ್ರು."

ತೆಗೆದು ಮತ್ತೆ ಹಾಕಿದೆ. ಅಪ್ಪ ಈಗಿಲ್ಲ, ಅವನ ಸುತ್ತಿಗೆ ಇದೆ, ಅವನ ಹೆಂಡತಿ ಇದ್ದಾಳೆ. ಇಬ್ಬರ ಮಾತನ್ನೂ ನಾನು ಮೀರುವುದಿಲ್ಲ.

ನಾನು ಚಿಕ್ಕವಳಿದ್ದಾಗ ಸದಾಶಿವ ಪೇಠೆಯ ವಾಡೆಯೊಂದರ, ಎಂದರೆ ಅಂಗಳದ ಸುತ್ತ ಹಲವು ಬಿಡಾರಗಳಿದ್ದ ಹಳೆಯ ಮನೆಯ, ಕೆಳ ಅಂತಸ್ತಿನಲ್ಲಿ ನಮ್ಮವು ಮೂರು ಖೋಲಿಗಳು, ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು. ಮುಂದಿನದರಲ್ಲಿ ಅಪ್ಪನ ಸೈಕಲ್ಲು, ಜೋಳದ ಚೀಲ, ನನ್ನ ಪುಸ್ತಕಗಳು. ಹಿಂದಿನದು ಅಡಿಗೆಮನೆ. ನಡುವಿನದು ಮಿಕ್ಕೆಲ್ಲದಕ್ಕೂ: ಉಣ್ಣುವುದಕ್ಕೆ, ಮಲಗುವುದಕ್ಕೆ, ಜಗಳವಾಡುವುದಕ್ಕೆ, ಗೋಡೆಯ ಗೂಡಿನಲ್ಲಿದ್ದ ದೇವರಿಗೆ ಕೈ ಮುಗಿಯುವುದಕ್ಕೆ. ಮೂರಕ್ಕೂ ಶಹಾಬಾದ್ ಕಲ್ಲಿನ ನೆಲ. ಬೇಸಿಗೆಯಲ್ಲಿ ಅದರ ಮೇಲೆ ಬರೀ ಮೈಯಲ್ಲಿ ಮಲಗುವ ಸುಖವೇ ಬೇರೆ. ಚಳಿಗಾಲದಲ್ಲಿ ಕಾಲಿಟ್ಟರೆ ಎದೆಗೆ ಹತ್ತುವಷ್ಟು ತಣ್ಣಗೆ. ಅಪ್ಪನಿಗೆ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಕೆಲಸವಾದಾಗ ಅಜ್ಜಿ, ಎಂದರೆ ಅಪ್ಪನ ತಾಯಿ, ಧಾರವಾಡ ಬಿಟ್ಟು ಮಗನ ಹಿಂದೆ ಈ ಮರಾಠಿ ಊರಿಗೆ ಬಂದಿದ್ದಳು. ಬರುವಾಗ ತಂದದ್ದು ಎರಡೇ, ಒಂದು ತಾಮ್ರದ ಹಂಡೆ ಮತ್ತು ತನ್ನ ನಿಯಮಗಳು. ಹಂಡೆ ಕೆಲವು ವರ್ಷಗಳಲ್ಲಿ ತೂತು ಬಿತ್ತು. ನಿಯಮಗಳಲ್ಲಿ ಮುಖ್ಯವಾದದ್ದು ಊಟದ ಮೇಲಿನ ಗೋಮಯ. ಎಲೆ ಎತ್ತಿ, ಉಂಡ ಜಾಗಕ್ಕೆ ಗೋಮಯ ಹಚ್ಚುವ ತನಕ ಯಾರೂ ಅಲ್ಲಿ ಕಾಲಿಡುವಂತಿಲ್ಲ. ಧಾರವಾಡದಲ್ಲಿ ಅದಕ್ಕೆ ಸೆಗಣಿ ಇತ್ತು, ಪೇಠೆಯಲ್ಲಿ ಆಕಳನ್ನು ಎಲ್ಲಿಂದ ತರುವುದು? ನೀರೇ ಗೋಮಯವಾಯಿತು. ತಂಬಿಗೆಯಿಂದ ನೀರು ಸುರಿದು ಬಟ್ಟೆಯಿಂದ ಬಳಿಯುವುದು, ದಿನಕ್ಕೆರಡು ಸಲ. ನನಗೆ ಹತ್ತು ತುಂಬಿದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಅವ್ವನಿಗೆ ಮೂರ್ಛೆರೋಗವಿತ್ತು. ಮನೆಯಲ್ಲಿ ಆ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. "ಅವ್ವಗ ಹಂಗಾತು" ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಬರುವ ಮೊದಲು ಅವಳ ಮೂಗಿಗೆ ಏನೋ ಸುಟ್ಟ ವಾಸನೆ ಬಡಿಯುತ್ತಿತ್ತಂತೆ. ಒಲೆಯಲ್ಲಿ ಏನೂ ಸುಟ್ಟಿಲ್ಲದಾಗ ಆ ವಾಸನೆ ಬಂದರೆ ಸ್ಟೋವ್ ಆರಿಸಿ, ಸರಸರನೆ ನಡುವಿನ ಖೋಲಿಗೆ ಬರುತ್ತಿದ್ದಳು. ಒಮ್ಮೊಮ್ಮೆ ಕೂಡಲು ಪುರಸೊತ್ತು ಸಿಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಕಲ್ಲಿಗೆ ತಲೆ ಬಡಿದ ಸಪ್ಪಳ ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ. ಆಗ ಅಜ್ಜಿ ಮೊದಲು ಮಾಡುತ್ತಿದ್ದ ಕೆಲಸ, ಓಡಿಹೋಗಿ ಮುಂಬಾಗಿಲು ಹಾಕುವುದು. ಆಮೇಲೆ ಸೊಸೆಯನ್ನು ಮಗ್ಗುಲಿಗೆ ಹೊರಳಿಸುವುದು. ವಾಡೆಯಲ್ಲಿ ಹನ್ನೆರಡು ಬಿಡಾರಗಳು, ನಳ ಒಂದೇ; ಅಲ್ಲಿ ಬೆಳಿಗ್ಗೆ ಒಬ್ಬರು ಸೀನಿದರೆ ಸಂಜೆಯ ಹೊತ್ತಿಗೆ ಎಲ್ಲರೂ ಕಷಾಯ ಹೇಳಿಕೊಡುವವರೇ. ಆದರೂ ಅವ್ವನ ಸಂಗತಿ ಏಳೆಂಟು ವರ್ಷ ಹೊರಗೆ ಬಿದ್ದಿರಲಿಲ್ಲ. ಅಜ್ಜಿಗೆ ಸೊಸೆಯ ತಲೆಗಿಂತ ಬಾಗಿಲೇ ದೊಡ್ಡದಾಯಿತಲ್ಲ ಎಂದು ನನಗೆ ಅವಳ ಮೇಲೆ ಸಿಟ್ಟಿತ್ತು.

ಅಪ್ಪ ಟೂಲ್‌ರೂಮಿನ ಫಿಟ್ಟರ್. ಕೂದಲೆಳೆಯ ನೂರನೇ ಪಾಲಿನ ಲೆಕ್ಕದಲ್ಲಿ ಮಾತಾಡುವವನು. ಅವರ ಟೂಲ್‌ರೂಮಿನಲ್ಲಿ ಮಾತ್ರ ಸಿಮೆಂಟಿನ ಮೇಲೆ ಮರದ ಹಲಗೆ ಹಾಸಿದ್ದರು. ಅಳತೆಯ ಉಪಕರಣ ಕೈತಪ್ಪಿ ಬಿದ್ದರೆ ಅದರ ಅಂಚು ಚೂರಾಗದಿರಲೆಂದು. ಒಂದು ದಿನ ಕೆಲಸ ಮುಗಿಸಿ ಬಂದವನು ಬೂಟು ಕೂಡ ಬಿಚ್ಚದೆ ನಡುವಿನ ಖೋಲಿಯ ಹೊಸ್ತಿಲ ಮೇಲೆ ಕೂತ. ಅವತ್ತು ಬೆಳಿಗ್ಗೆ ಅವ್ವ ಬಿದ್ದಿದ್ದಳು, ಕಿವಿಯ ಹಿಂದೆ ಊದಿಕೊಂಡಿತ್ತು.

"ಗೇಜ್ ಬಿದ್ರ ಅದಕ್ಕ ಪೆಟ್ಟಾಗಬಾರದಂತ ಸಾಹೇಬ್ರು ಕಟಗಿ ಹಾಸ್ಯಾರ. ದಿನಾ ಅದರ ಮ್ಯಾಲೇ ನಿಂತು ಕೆಲಸ ಮಾಡ್ತೀನಿ. ಇಷ್ಟು ವರ್ಷ ನನ್ನ ತಲೀಗೆ ಹೊಳೀಲಿಲ್ಲ ನೋಡು, ಸುಶೀಲಾ."

ಸುಶೀಲಾ ಎಂದರೆ ಅವ್ವ. ಅವಳಿಗಿಂತ ಮೊದಲು ಅಜ್ಜಿ ಹೇಳಿದಳು.

"ಕಟಗಿ ಹಾಸಿದ್ರ ಗೋಮಯ ಹೆಂಗ ಹಚ್ಚೂದು?"

"ನೀ ಮಣೀ ಮ್ಯಾಲೆ ಕೂತು ಉಣ್ತೀ ಹೌದಿಲ್ಲೋ? ಇಡೀ ಖೋಲಿನ ಒಂದು ದೊಡ್ಡ ಮಣಿ ಅಂತ ತಿಳ್ಕೊ. ಹಿಂಡಿದ ಅರಿವೀಲೆ ಒರಸಿದ್ರಾತು."

"ಹಿಂಡಿದ ಅರಿವೀಲೆ ಟೇಬಲ್ ಒರಸ್ತಾರ. ಅದಕ್ಕ ಗೋಮಯ ಅನ್ನೂದಿಲ್ಲ" ಎಂದು ಅಜ್ಜಿ ಜಪದ ಸರ ತೆಗೆದುಕೊಂಡಳು. ಮಾತು ಮುಗಿಯಿತು ಎಂಬುದಕ್ಕೆ ನಮ್ಮ ಮನೆಯಲ್ಲಿ ಅದೇ ಗುರುತು.

ಕಾರ್ಖಾನೆಗೆ ಹೊರದೇಶದ ಯಂತ್ರಗಳು ಬರುತ್ತಿದ್ದ ದೊಡ್ಡ ಮರದ ಪೆಟ್ಟಿಗೆಗಳ ಹಲಗೆಗಳನ್ನು ಅಪ್ಪ ಗೇಟ್‌ಪಾಸ್ ಮಾಡಿಸಿ ಮನೆಗೆ ತಂದ. ಬಿಳಿಯ ಮರ, ಮೂಗಿಗೆ ಹಿಡಿದರೆ ಕರ್ಪೂರವೂ ಅಲ್ಲದ ಸೀಮೆಎಣ್ಣೆಯೂ ಅಲ್ಲದ ಒಂದು ವಾಸನೆ. ರಜೆಯ ದಿನಗಳಲ್ಲಿ ಅಂಗಳದಲ್ಲಿ ಕೂತು ಮೊಳೆ ಕಿತ್ತು, ರಂದಾ ಹೊಡೆದು ಮೈ ನುಣುಪು ಮಾಡಿ, ಒಂದೊಂದು ಹಲಗೆಯ ಅಂಚನ್ನೂ ಉಕ್ಕಿನಂತೆ ನೇರ ಮಾಡಿದ. ಕಲ್ಲಿನ ಮೇಲೆ ಡಾಂಬರು ಕಾಗದ, ಅದರ ಮೇಲೆ ಅಡ್ಡಪಟ್ಟಿಗಳು, ಪಟ್ಟಿಗಳ ಮೇಲೆ ಹಲಗೆಗಳು. ಎರಡು ಹಲಗೆ ಕೂಡಿದ ಕಡೆ ಕಾರ್ಖಾನೆಯ ಫೀಲರ್ ಗೇಜನ್ನು, ಎಂದರೆ ಕಾಗದಕ್ಕಿಂತ ತೆಳುವಾದ ಉಕ್ಕಿನ ಎಲೆಯನ್ನು, ತೂರಿಸಿ ನೋಡುತ್ತಿದ್ದ. ತೂರಿದರೆ ಮತ್ತೆ ಬಿಚ್ಚುವುದು. ವಾಡೆಯ ಮೂಲೆಯಲ್ಲಿ ನಾನಾ ಎಂಬ ಮುದುಕ ಬಡಿಗನಿದ್ದ. ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದವನು ಕೊನೆಗೆ ತಡೆಯಲಾರದೆ ಬಂದು, ತನ್ನ ತೋರುಬೆರಳನ್ನು ಗೋಡೆಗೂ ಹಲಗೆಗೂ ನಡುವೆ ಅಡ್ಡ ಹಿಡಿದು ತೋರಿಸಿದ. ಇಷ್ಟು ಬಿಡು, ಮರ ಉಸಿರಾಡುತ್ತದೆ ಎಂದ ಮರಾಠಿಯಲ್ಲಿ. ಅಪ್ಪ ನಕ್ಕ. ಬೆರಳು ಹೋಗುವಷ್ಟು ಸಂದು ಬಿಟ್ಟರೆ ಟೂಲ್‌ರೂಮಿನಲ್ಲಿ ಮರುದಿನವೇ ಬೇರೆ ಇಲಾಖೆಗೆ ಹಾಕುತ್ತಾರೆ. ಕೊನೆಯ ಹಲಗೆಯನ್ನು ಗೋಡೆಗೆ ಬಿಗಿಯಾಗಿ ಬಡಿದು ಕೂಡಿಸಿದ. ಇಡೀ ನೆಲದಲ್ಲಿ ಒಂದೇ ಊನವಿತ್ತು: ದೇವರ ಗೂಡಿನ ಕೆಳಗಿನ ಹಲಗೆಯಲ್ಲಿ ಮರದ ಗಂಟು ಉದುರಿ ಹೆಬ್ಬೆರಳು ಹೋಗುವಷ್ಟು ತೂತು. ಅದಕ್ಕೆ ಬೆಣೆ ಕಡೆದು ಹಾಕುತ್ತೇನೆ ಎಂದು ಮುಂದೂಡಿದ.

ಅಪ್ಪನಿಗೆ ಆ ನೆಲದ ಮೇಲೆ ಎಷ್ಟು ಅಭಿಮಾನವಿತ್ತೆಂದರೆ, ಏಳೆಂಟು ವರ್ಷ ಮುಚ್ಚಿಟ್ಟ ಬಾಗಿಲನ್ನು ತಾನೇ ತೆರೆದುಬಿಟ್ಟ. ವಾಡೆಯವರೆಲ್ಲ ಚಪ್ಪಲಿ ಕಳಚಿಟ್ಟು ಬಂದು ನೋಡಿದರು. ಎದುರುಮನೆಯ ಮಂದಾಬಾಯಿ, ಖೋಲಿಗೆ ಮರದ ನೆಲ ಯಾಕೆ ಎಂದು ಕೇಳಿದಳು. ಕೇಳದೆ ಇರುತ್ತಾಳೆಯೇ?

"ಬಾಯಕೋ ಪಡತೇ ನಾ, ಮ್ಹಣೂನ" ಎಂದ ಅಪ್ಪ. ಹೆಂಡತಿ ಬೀಳುತ್ತಾಳಲ್ಲ, ಅದಕ್ಕೆ. ಯಂತ್ರಕ್ಕೆ ಎಣ್ಣೆ ಯಾಕೆ ಎಂದರೆ ಸವೆಯುತ್ತದಲ್ಲ ಎಂದಷ್ಟೇ ಸಹಜವಾಗಿ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದಳು. ಅವಳು ಬಂದವರಿಗೆಲ್ಲ ಚಹ ಕೊಟ್ಟಳು, ಕಪ್ಪು ತೊಳೆದಿಟ್ಟಳು. ಅಂದಿನಿಂದ ನಳದ ಬಳಿ ಅವಳು ಕೊಡ ಇಟ್ಟರೆ ಯಾರೋ ಒಬ್ಬರು, ನೀವು ಎತ್ತಬೇಡಿ, ನಾವು ತಂದುಕೊಡುತ್ತೇವೆ ಎನ್ನುತ್ತಿದ್ದರು. ಕೆಲವರು ಮನೆಗೆ ಈರುಳ್ಳಿ ಹಿಡಿದುಕೊಂಡು ಬಂದರು, ಮೂಸಿದರೆ ಒಳ್ಳೆಯದೆಂದು. ಮಾತು ಎಷ್ಟು ದೂರ ಹೋಗಿದೆಯೆಂದು ನನಗೆ ಗೊತ್ತಾದದ್ದು ಅಂಗಳದಲ್ಲಿ. ಹುಡುಗಿಯರು ಹೊಸದೊಂದು ಆಟ ಕಟ್ಟಿದ್ದರು. ಒಬ್ಬಳು ತಲೆಯ ಮೇಲೆ ಸುಳ್ಳು ಕೊಡ ಹೊತ್ತು ನಡೆದುಬರುವುದು, ನಡುವೆ ಕಣ್ಣು ಮೇಲೆ ಮಾಡಿ ಧಡಕ್ಕನೆ ಬೀಳುವುದು, ಉಳಿದವರು "ಪಡಲೀ! ಶಾಲೂಚೀ ಆಯಿ ಪಡಲೀ!" ಎಂದು ಚಪ್ಪಾಳೆ ತಟ್ಟುವುದು. ಬಿದ್ದಳು, ಶಾಲೂನ ಅವ್ವ ಬಿದ್ದಳು ಎಂದು. ಶಾಲೂ ಎಂದರೆ ನಾನು. ಕಂಬದ ಹಿಂದೆ ನಿಂತಿದ್ದೆ. ಹೊಡೆಯಬೇಕೆನಿಸಿದ್ದು ಆ ಹುಡುಗಿಯರನ್ನಲ್ಲ, ಅವ್ವನನ್ನು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ಅದೇ.

ಅದೇ ವಾರ ಅಜ್ಜನ ಶ್ರಾದ್ಧ ಬಂತು. ಬ್ರಾಹ್ಮಣರು ನಡುವಿನ ಖೋಲಿಯಲ್ಲಿ ಉಂಡೆದ್ದರು. ಅಪ್ಪ ಪಿಂಡ ಬಿಟ್ಟು, ಎರಡು ತುತ್ತು ಉಂಡು, ಅವತ್ತೊಂದು ದಿನದ ಮಟ್ಟಿಗೆ ಬದಲಿಸಿಕೊಂಡಿದ್ದ ಎರಡನೆಯ ಪಾಳಿಗೆ ಚಿಂಚವಾಡದ ರೈಲು ಹಿಡಿಯಲು ಹೋದ. ಅವನು ಹೊಸ್ತಿಲು ದಾಟಿದ್ದೇ ಅಜ್ಜಿ ನನ್ನನ್ನು ಕರೆದಳು.

"ಶ್ರಾದ್ಧದ ದಿನಾ ಹಿಂಡಿದ ಅರಿವಿ ನಡಿಯೂದಿಲ್ಲ. ಒಂದು ತಂಬಿಗಿ ನೀರು ಹಾಕಿ ಛಂದಂಗ ಗೋಮಯ ಹಚ್ಚು. ಒಂದಽ ತಂಬಿಗಿ."

ಅಷ್ಟು ಹೇಳಿ ಅವಳು ಮುಂದಿನ ಖೋಲಿಗೆ ಹೋಗಿ ಅಡ್ಡಾದಳು. ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ತಂಬಿಗೆ ಬಿಟ್ಟು ಬಕೆಟ್ಟು ತಂದೆ. ದೇವರ ಗೂಡಿನ ಕೆಳಗಿನ ಆ ತೂತಿಗೆ ಸುರಿದೆ. ನೀರು ಗುಳುಗುಳು ಎನ್ನುತ್ತ ಒಳಗೆ ಇಳಿಯಿತು. ಇನ್ನೊಂದು ಬಕೆಟ್ಟು ತಂದು ಸುರಿದೆ. ಈ ನೆಲ ಹಾಳಾದರೆ ಯಾರಿಗೂ ಏನೂ ನೆನಪಿರುವುದಿಲ್ಲ, ಅಂಗಳದ ಆಟ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕ. ಆಮೇಲೆ ಮೇಲುಮೇಲಿಂದ ಬಟ್ಟೆಯಾಡಿಸಿ ಎದ್ದೆ.

ಮೊದಲ ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ನೆಲದ ನಟ್ಟನಡುವೆ ಎರಡು ಹಲಗೆಗಳು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಎದ್ದು ನಿಂತಿದ್ದವು. ಉಬ್ಬಿದ ಮರಕ್ಕೆ ಗೋಡೆಯ ಕಡೆ ಹೋಗಲು ಒಂದು ಕೂದಲಿನ ಜಾಗವೂ ಇರಲಿಲ್ಲ, ಮೇಲಕ್ಕೇ ಏಳಬೇಕಾಯಿತು. ಅಪ್ಪ ಎದ್ದು ಅದನ್ನು ನೋಡಿ, ಸಂಜೆ ಬಂದು ಬಿಚ್ಚುತ್ತೇನೆ, ಯಾರೂ ಅದರ ಮೇಲೆ ಓಡಾಡಬೇಡಿ ಎಂದು ಹೇಳಿ ಹೋದ. ಮಧ್ಯಾಹ್ನ ನಾನು ಶಾಲೆಯಿಂದ ಬಂದು ಚೀಲ ಇಳಿಸುತ್ತಿದ್ದೆ. ಅಡಿಗೆಮನೆಯಲ್ಲಿ ಸ್ಟೋವ್ ಆರಿದ ಸಪ್ಪಳವಾಯಿತು. ಅವ್ವ ರೂಢಿಯ ಪ್ರಕಾರ ಸರಸರನೆ ನಡುವಿನ ಖೋಲಿಗೆ ಬಂದಳು, ಎದ್ದು ನಿಂತ ಹಲಗೆಗೆ ಕಾಲು ಎಡವಿತು, ಹಣೆ ಹೋಗಿ ಹೊಸ್ತಿಲ ಕಲ್ಲಿಗೆ ಬಡಿಯಿತು. ಹುಬ್ಬಿನ ಮೇಲಿಂದ ರಕ್ತ ಆ ಬಿಳಿಯ ಮರದ ಮೇಲೆ ಹರಿಯಿತು. ಅಜ್ಜಿ ಆವತ್ತು ಬಾಗಿಲು ಹಾಕಲಿಲ್ಲ. ಮಡಿಸೀರೆಯಲ್ಲೇ ನೆಲಕ್ಕೆ ಕುಸಿದು ಕೂತು, ಸೊಸೆಯ ತಲೆಯನ್ನು ತೊಡೆಗೆ ಎಳೆದುಕೊಂಡು, ಸೆರಗಿನಿಂದ ಹಣೆ ಒತ್ತಿ ಹಿಡಿದು, ಕೇಳುವವರು ಕೇಳಲಿ ಎಂಬಂತೆ ಮಂದಾಬಾಯಿಯನ್ನು ಕೂಗಿದಳು. ನಾನು ಶಾಲೆಯ ಚೀಲ ಹಿಡಿದು ನಿಂತಲ್ಲೇ ನಿಂತಿದ್ದೆ.

ಏಳು ಹೊಲಿಗೆ ಬಿತ್ತು. ಸಂಜೆ ಅಪ್ಪ ಬಂದು, ಅವ್ವನ ಹಣೆಯ ಪಟ್ಟಿ ನೋಡಿ, ಹಲಗೆ ಕಿತ್ತ. ಕೆಳಗೆ ಡಾಂಬರು ಕಾಗದದ ಮೇಲೆ ನೀರು ಇನ್ನೂ ನಿಂತಿತ್ತು.

"ಇಷ್ಟು ನೀರು ಯಾರು ಹಾಕಿದ್ರು?"

ಅಜ್ಜಿ ತಲೆ ತಗ್ಗಿಸಿದಳು. ನಾನು ಬಾಯಿ ತೆರೆದೆ, ಆದರೆ ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ಅವ್ವ ಹೇಳಿಬಿಟ್ಟಳು.

"ನಾನು."

ಅಪ್ಪ ಅವಳ ಮುಖ ನೋಡಿದ. ಆಮೇಲೆ ಉಳಿದ ಹಲಗೆಗಳನ್ನು ಒಂದೊಂದಾಗಿ ಎತ್ತತೊಡಗಿದ.

ಹಲಗೆಗಳು ಒಂದು ತಿಂಗಳು ಮಾಳಿಗೆಯ ಮೇಲೆ ಒಣಗಿದವು. ಆ ತಿಂಗಳು ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮನೆಯಲ್ಲಿದ್ದ ಗಾದಿಗಳನ್ನೆಲ್ಲ ಬಿಡಿಸಿ ನಡುವಿನ ಖೋಲಿಯ ಕಲ್ಲಿನ ಮೇಲೆ ಹಾಸಿ ಹೋಗುತ್ತಿದ್ದ. ದಸರೆಯ ನಂತರ ಎರಡನೆಯ ಸಲ ನೆಲ ಹಾಸಿದ. ಈ ಸಲ ಮುಂಬಾಗಿಲು ಹಾಕಿಕೊಂಡು. ನಾಲ್ಕೂ ಗೋಡೆಗಳ ಬದಿಗೆ ನಾನಾನ ಬೆರಳಿನಷ್ಟು ಜಾಗ ಬಿಟ್ಟ, ಅದು ಕಾಣದಂತೆ ಮೇಲೊಂದು ತೆಳು ಪಟ್ಟಿ ಹೊಡೆದ. ತೂತಿಗೆ ಎಲ್ಲಕ್ಕಿಂತ ಮೊದಲು ಬೆಣೆ ಬಿತ್ತು. ವಾಡೆಯವರು ಮತ್ತೆ ಯಾಕೆ ಹಾಸಿದಿರಿ ಎಂದು ಕೇಳಿದಾಗ, ನಮ್ಮ ತಾಯಿಯ ಮೊಣಕಾಲು ನೋಯುತ್ತದೆ, ಅವಳಿಗೆ ಕಲ್ಲಿನ ಥಂಡಿ ಆಗುವುದಿಲ್ಲ ಎಂದ. ಡಾಕ್ಟರು ಹೊಸ ಗುಳಿಗೆ ಕೊಟ್ಟಿದ್ದಾರೆ, ಸೊಸೆಗೆ ಗುಣವಾಗಿದೆ ಎಂದು ಅಜ್ಜಿ ಸೇರಿಸಿದಳು. ಅಜ್ಜಿಯ ಮೊಣಕಾಲು ಕಲ್ಲಿನಂತಿದ್ದವು, ಪರ್ವತಿಯ ಗುಡ್ಡವನ್ನು ಒಂದೇ ಉಸಿರಿಗೆ ಹತ್ತುವವಳು. ಮರುದಿನ ಬೆಳಿಗ್ಗೆ ನಳದ ಬಳಿ ಅವಳು ಕುಂಟುತ್ತ ಹೋದದ್ದನ್ನು ನಾನೇ ನೋಡಿದೆ. ಬದುಕಿರುವವರೆಗೂ ಕುಂಟಿದಳು, ಮನೆಯೊಳಗೆ ಬಂದ ಮೇಲೆ ನೆಟ್ಟಗೆ ನಡೆಯುತ್ತಿದ್ದಳು. ಗೋಮಯದ ಕೆಲಸವನ್ನೂ ನನ್ನಿಂದ ಕಸಿದುಕೊಂಡಳು. ಊಟವಾದ ಮೇಲೆ ತಾನೇ ಬಟ್ಟೆ ಅದ್ದಿ, ಕಟ್ಟಕಡೆಯ ಹನಿ ಬೀಳುವ ತನಕ ಹಿಂಡಿ, ಒರೆಸುತ್ತಿದ್ದಳು. ಇದು ಗೋಮಯ ಹೆಂಗ ಆಗ್ತದ ಅಜ್ಜಿ ಎಂದು ನಾನು ಒಮ್ಮೆ ಕೇಳಿದೆ.

"ಮನೀ ಸೊಸೀ ರಕ್ತಾ ಬಿದ್ದ ನೆಲಾ ಅದು. ಯಾವ ನೀರು ಹಾಕಿದ್ರ ಶುದ್ಧ ಆಗ್ತದ ಹೇಳು. ಸುಮ್ಮನ ಒರಸೂದು."

ಆ ಒಂದು "ನಾನು" ಎಂಬ ಮಾತು ನನ್ನನ್ನು ಬೆಳೆಸಿತು ಎಂದರೆ ತಪ್ಪಾಗಲಾರದು. ತಾಯಿ ನನ್ನ ಪಾಪವನ್ನು ತನ್ನ ಹಣೆಗೆ ಕಟ್ಟಿಕೊಂಡಳು, ಅದೂ ಹೊಲಿಗೆ ಹಾಕಿದ ಹಣೆಗೆ. ಅಂದಿನಿಂದ ನನಗೆ ನನ್ನ ಸಿಟ್ಟಿನ ಭಯ ಹತ್ತಿತು. ಶಾಲೆಯಲ್ಲಿ, ಕಚೇರಿಯಲ್ಲಿ, ಗಂಡನ ಮನೆಯಲ್ಲಿ ಎದುರಾಡದ ಹೆಂಗಸು ಎಂದು ಹೆಸರು ಪಡೆದೆ. ಒಳ್ಳೆಯ ಗುಣ ಎಂದರು ಎಲ್ಲರೂ. ಒಳ್ಳೆಯ ಗುಣವಲ್ಲ, ಬಕೆಟ್ಟಿನ ಭಯ. ಮುಂದೆ ಔಷಧದಿಂದ ಅವ್ವನ ಮೂರ್ಛೆ ನಿಜವಾಗಿಯೂ ನಿಂತಿತು, ವಾಡೆ ಕೆಡವಿದರು, ಹಲಗೆಗಳು ಯಾರ ಒಲೆಗೆ ಹೋದವೋ ತಿಳಿಯದು. ಹುಬ್ಬಿನ ಮೇಲಿನ ಬಿಳಿ ಗೆರೆ ಉಳಿಯಿತು. ಅವ್ವನ ತಲೆ ಬಾಚುವಾಗ ಅದನ್ನು ನೋಡಿ ಪ್ರತಿ ಸಲ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಈಗ ಎರಡು ವರ್ಷದಿಂದ ಅವಳು ವಯಸ್ಸಿನ ಕಾರಣಕ್ಕೆ ಬೀಳುತ್ತಿದ್ದಾಳೆ. ನುಣುಪು ಟೈಲ್ಸು, ಕೈಲಾಗದ ಕಾಲು. ಹೋದ ದೀಪಾವಳಿಗೆ ಬಚ್ಚಲ ಬಾಗಿಲಲ್ಲಿ ಬಿದ್ದ ಸಪ್ಪಳ ಕೇಳಿದಾಗ ನಾನು ಮತ್ತೆ ಹನ್ನೊಂದರವಳಾದೆ. ಈ ಬಿದಿರಿನ ನೆಲಕ್ಕೆ ಆಳು ಬೇಡವೆಂದದ್ದು ಅದಕ್ಕೇ.

ಕೊನೆಯ ಹಲಗೆ ಕೂಡಿಸಿ, ಅಂಚಿನ ಪಟ್ಟಿ ಹೊಡೆದು ಮುಗಿಸಿದ ಸಂಜೆ ಅವ್ವನನ್ನು ಕೈಹಿಡಿದು ಕರೆತಂದು ಹೊಸ ನೆಲದ ಮೇಲೆ ಕೂಡಿಸಿದೆ. ನಾನೂ ಎದುರಿಗೆ ಕೂತೆ. ಐವತ್ತೊಂದು ವರ್ಷದ ಮಾತು ಹೊರಗೆ ಬಂತು.

"ಅವ್ವಾ, ಅವತ್ತು ವಾಡೇದಾಗ ನೀರು ಹಾಕಿದಾಕಿ ನಾನು. ತೂತಿನ್ಯಾಗ ಎರಡು ಬಕೀಟು. ನೀ ನನ್ನ ಸಲುವಾಗಿ ಸುಳ್ಳು ಹೇಳಿದಿ."

ಅವ್ವ ಅಂಗೈಯಿಂದ ನೆಲ ಸವರುತ್ತಿದ್ದಳು. ಕೈ ನಿಂತಿತು.

"ಎರಡಲ್ಲ, ಮೂರು."

ಮೂರು ಹೇಗೆ ಎಂದು ಕೇಳಿದೆ.

"ಪಾತ್ರಿ ತಿಕ್ಕಿ ಒಳಗ ಬಂದೆ. ತೂತಿನ ಸುತ್ತಲೂ ನೀರು ನಿಂತಿತ್ತು. ನೀ ಹಾಕೀದಿ ಅಂತ ತಿಳೀತು. ಒರಸಬೇಕಂತ ಅರಿವಿ ತಗೊಂಡು ಕೂತೆ. ಒರಸಲಿಲ್ಲ ಶಾಲೂ. ಎದ್ದು ಹೋಗಿ ನಾನೂ ಒಂದು ಬಕೀಟು ತಂದು ಸುರದೆ." ಅವಳ ಅಂಗೈ ಮತ್ತೆ ನೆಲದ ಮೇಲೆ ಆಡಿತು. "ಆ ಹುಡಿಗ್ಯಾರ ಆಟಾ ನೀ ಒಬ್ಬಾಕಿನ ನೋಡಿದ್ಯಾ? ನಾನೂ ನೋಡಿದ್ದೆ. ಬಿದ್ರ ಹತ್ತು ನಿಮಿಷದಾಗ ಏಳ್ತಿದ್ದೆ, ಯಾರಿಗೂ ಗೊತ್ತಾಗತಿರಲಿಲ್ಲ. ಆ ನೆಲಾ ಮಾತ್ರ ಹಗಲೂ ರಾತ್ರಿ ನಾ ಬೀಳಾಕಿ, ನಾ ಬೀಳಾಕಿ ಅಂತ ಬಂದವರಿಗೆಲ್ಲ ಹೇಳಕೋತ ಬಿದ್ದಿರತಿತ್ತು."

"ಅಪ್ಪಗ ಇದೆಲ್ಲಾ ಹೇಳಿದ್ಯಾ?"

"ಅವತ್ತ ಹೇಳಿದೆ. ರಾತ್ರಿ ಯಾಕಂತನೂ ಹೇಳಿದೆ. ಅದಕ್ಕ ಎರಡನೇ ಸಲಾ ಬಾಗಲಾ ಹಾಕ್ಕೊಂಡು ಹಾಸಿದ್ರು. ಅತ್ತಿ ಮೊಣಕಾಲಿನ ಮಾತು ಮಾತ್ರ ತಾಯಿ-ಮಗಾ ಇಬ್ಬರೂ ಕೂಡಿ ಮಾಡಿದ್ದು."

ಅಂದರೆ ನನ್ನ ತಾಯಿ ನನಗಾಗಿ ಸುಳ್ಳು ಹೇಳಿರಲಿಲ್ಲ. ತನ್ನ ಸಿಟ್ಟನ್ನು ತನ್ನದೆಂದು ಒಪ್ಪಿಕೊಂಡಿದ್ದಳು, ಅಷ್ಟೇ. ಅವಳಿಗೂ ಸಿಟ್ಟು ಬರುತ್ತಿತ್ತು, ಅದೂ ನನ್ನದೇ ಸಿಟ್ಟು, ಅದೇ ದಿನ, ಅದೇ ತೂತಿಗೆ. ನನಗೆ ಅಳು ಬಂತು. ಜೊತೆಗೆ, ಇಷ್ಟು ವರ್ಷ ಎಲ್ಲರೆದುರು ತಲೆ ತಗ್ಗಿಸಿದ್ದು ನೆನೆದು ಒಂದಿಷ್ಟು ಕೋಪವೂ ಬಂತು. ಮುಚ್ಚಿಡಲಿಲ್ಲ. ಮೊದಲೇ ಹೇಳಬಾರದಿತ್ತೇನವ್ವಾ ಎಂದು ಜೋರಾಗಿಯೇ ಕೇಳಿದೆ. ನೀ ಕೇಳಿದ್ಯಾ ಎಂದಳು.

ಮರುದಿನ ಎದುರು ಫ್ಲ್ಯಾಟಿನ ಸೊಸೆ ಹೊಸ ನೆಲದ ಸುದ್ದಿ ಕೇಳಿ ನೋಡಲು ಬಂದಳು. ಮರಾಠಿ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ಒಳ್ಳೆಯ ಟೈಲ್ಸ್ ಇದ್ದವಲ್ಲ ಕಾಕೂ, ಇದು ಯಾಕೆ ಎಂದು ಕೇಳಿದಳು. ನನ್ನ ಬಾಯಿಗೆ ಅಜ್ಜಿಯ ಮಾತು ತಾನಾಗಿಯೇ ಬಂತು. ನನ್ನ ಮೊಣಕಾಲು ನೋಯುತ್ತವೆ ಎಂದು ಶುರು ಮಾಡಿ, ಕುಂಟಲಿಕ್ಕೂ ಒಂದು ಕಾಲು ಎತ್ತಿದ್ದೆ. ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಮೀ ಪಡತೇ ನಾ, ಮ್ಹಣೂನ" ಎಂದಳು. ನಾನು ಬೀಳುತ್ತೇನಲ್ಲ, ಅದಕ್ಕೆ.

ಆಮೇಲೆ ಸೊಪ್ಪಿನ ಪರಾತವನ್ನು ಸರಿಸಿ, ಪಕ್ಕದ ನೆಲವನ್ನು ಕೈಯಿಂದ ತಟ್ಟಿ ತೋರಿಸಿದಳು. ಹುಡುಗಿ ಚಪ್ಪಲಿ ಬಿಚ್ಚಿಟ್ಟು ಬಂದು ಅವಳ ಹತ್ತಿರ ಕೂತಳು.